ಅಪ್ಪಣೆ ಕೇಳದ ನಡಿಗೆ: ಜಾರ್ಜ್ ಸ್ಯಾಂಡ್

1831ರ ಜನವರಿ. ಪ್ಯಾರಿಸ್ಸಿನ ಕಲ್ಲುಹಾಸಿನ ಬೀದಿಗಳಲ್ಲಿ ಕೆಸರು, ಚಳಿ. ಹಳ್ಳಿಯಿಂದ ಬಂದಿಳಿದಿದ್ದ ಇಪ್ಪತ್ತಾರು ವರ್ಷದ ಗೃಹಿಣಿಯೊಬ್ಬಳಿಗೆ ಅಲ್ಲಿ ಮೊದಲು ಎದುರಾದ ತೊಂದರೆ ಸಾಹಿತ್ಯದ್ದಲ್ಲ, ಪಾದರಕ್ಷೆಯದು. ಹೆಂಗಸರ ನಾಜೂಕು ಬೂಟುಗಳು ಎರಡೇ ದಿನಕ್ಕೆ ಬಿರಿಯುತ್ತಿದ್ದವು. ಅವುಗಳ ಮೇಲೆ ಮರದ ಮೆಟ್ಟು ಹಾಕಿಕೊಂಡರೆ ಕಾಲು ಜಾರುತ್ತಿತ್ತು. ನೆಲ ಗುಡಿಸುವ ಲಂಗವನ್ನು ಎತ್ತಿ ಹಿಡಿದು ನಡೆಯುವ ಪಟ್ಟಣದ ಚಾಕಚಕ್ಯತೆಯೂ ಆಕೆಗೆ ಬರಲಿಲ್ಲ. ಜೊತೆಗಾರ ಹುಡುಗರು ಮಳೆಯಿರಲಿ, ರಾತ್ರಿಯಿರಲಿ, ಊರೆಲ್ಲ ಸುತ್ತುತ್ತಿದ್ದರು. ಕೊನೆಗೆ ದಾರಿ ತೋರಿಸಿದವಳು ಆಕೆಯ ತಾಯಿ. ಹಿಂದೆ ಕೈಯಲ್ಲಿ ಕಾಸಿಲ್ಲದಾಗ ತಾನೂ ಗಂಡುಡುಗೆ ತೊಟ್ಟು ಗಂಡನ ಜೊತೆ ನಡೆದೇ ತಿರುಗಿದ್ದುಂಟು, ಅದರಿಂದ ಮನೆಖರ್ಚು ಅರ್ಧಕ್ಕಿಳಿದಿತ್ತು ಎಂದು ನೆನಪಿಸಿಕೊಂಡಳು. ಮಗಳು ಬೂದು ಬಣ್ಣದ ದಪ್ಪ ಬಟ್ಟೆಯಲ್ಲಿ ಉದ್ದನೆಯ ಕೋಟು, ಪ್ಯಾಂಟು ಹೊಲಿಸಿಕೊಂಡಳು. ಕಾಲಿಗೆ ಹಿಮ್ಮಡಿಯಲ್ಲಿ ಕಬ್ಬಿಣ ಬಡಿದ ಬೂಟು. ಆ ಬೂಟುಗಳನ್ನು ಆಕೆ ಎಷ್ಟು ಪ್ರೀತಿಸಿದಳೆಂದರೆ, ಇಪ್ಪತ್ತು ವರ್ಷಗಳ ನಂತರ ಆತ್ಮಕಥೆ ಬರೆಯುವಾಗಲೂ ಅವನ್ನು ಮರೆಯಲಿಲ್ಲ.

ಈಕೆಯೇ ಒರೋರ್ ದ್ಯುಪಾಂ. ಮುಂದೆ ಜಾರ್ಜ್ ಸ್ಯಾಂಡ್ ಎಂಬ ಗಂಡು ಹೆಸರಿನಲ್ಲಿ ಲೋಕಪ್ರಸಿದ್ಧಳಾದ ಲೇಖಕಿ. ನಮ್ಮಲ್ಲಿ ಹೆಚ್ಚಿನವರು ಆಕೆಯ ಹೆಸರು ಕೇಳಿರುವುದು ಸಂಗೀತಗಾರ ಶೋಪಾನ್‌ನ ಗೆಳತಿಯೆಂದು, ಇಲ್ಲವೇ ಸಿಗಾರ್ ಸೇದುತ್ತಿದ್ದವಳೆಂದು. ಎಪ್ಪತ್ತು ಕಾದಂಬರಿಗಳಿಗೆ ಸಮೀಪ ಬರೆದವಳನ್ನು ಹೀಗೆ ನೆನೆಯುವುದು ನನಗಂತೂ ಬೇಸರದ ವಿಷಯ. ಆ ಪ್ರೇಮಕಥೆಗಳನ್ನು ಬಹಳ ಜನ ಹೇಳಿದ್ದಾರೆ. ಇಲ್ಲಿ ಹೇಳಹೊರಟಿರುವುದು ಆಕೆಯ ಕಾಲುಗಳ ಕಥೆ.

ಹುಟ್ಟಿದ್ದು 1804ರ ಜುಲೈ 1ರಂದು, ಪ್ಯಾರಿಸ್ಸಿನಲ್ಲಿ. ತಂದೆ ರಾಜವಂಶದ ನೆತ್ತರಿನ ಸೇನಾಧಿಕಾರಿ, ತಾಯಿ ನದೀದಂಡೆಯಲ್ಲಿ ಹಕ್ಕಿ ಮಾರುತ್ತಿದ್ದವನ ಮಗಳು. ನಾಲ್ಕು ವರ್ಷದವಳಿದ್ದಾಗ ತಂದೆ ಕುದುರೆಯಿಂದ ಬಿದ್ದು ಸತ್ತ. ಅತ್ತೆ ಸೊಸೆಯರ ನಡುವೆ ಮಗುವಿಗಾಗಿ ಹಗ್ಗಜಗ್ಗಾಟ ನಡೆದು, ಕೊನೆಗೆ ಅಜ್ಜಿಯೇ ಗೆದ್ದಳು. ತಾಯಿ ಜೀವನಾಂಶಕ್ಕೆ ಒಪ್ಪಿ ಪ್ಯಾರಿಸ್ಸಿಗೆ ಹೊರಟುಹೋದಳು. ಹುಡುಗಿ ಬೆಳೆದದ್ದು ಅಜ್ಜಿಯ ಊರಾದ ನೋಹಾಂನಲ್ಲಿ, ಫ್ರಾನ್ಸಿನ ನಡುಮಧ್ಯದ ಬೆರಿ ಪ್ರಾಂತ್ಯದಲ್ಲಿ.

ಈ ಬೆರಿ ಸೀಮೆ ಪ್ರವಾಸಿಗರನ್ನು ಥಟ್ಟನೆ ಸೆಳೆಯುವಂಥದ್ದಲ್ಲ. ಹಿಮಶಿಖರವಿಲ್ಲ, ಜಲಪಾತವಿಲ್ಲ. ಆಂದ್ರ್ ಎಂಬ ಸಣ್ಣ ನದಿ, ಹೊಲಗಳು, ಹೊಲಗಳ ನಡುವೆ ಎರಡೂ ಕಡೆ ಎತ್ತರದ ಬೇಲಿಮರಗಳಿರುವ ತಗ್ಗು ಓಣಿಗಳು. ಎತ್ತಿನ ಗಾಡಿ ಹೋಗಿ ಹೋಗಿ ಆಳವಾದ ಆ ಓಣಿಗಳಲ್ಲಿ ನಡುಹಗಲಲ್ಲೂ ಮಬ್ಬು. ಆ ಕಣಿವೆಗೆ ‘ಕಪ್ಪು ಕಣಿವೆ’ ಎಂದು ಹೆಸರಿಟ್ಟವಳು ಆಕೆಯೇ. ರೈತರ ಮಕ್ಕಳೊಡನೆ ಅಲೆಯುತ್ತ ಅವರ ಆಡುಮಾತು, ದೆವ್ವದ ಕಥೆ, ಗಿಡಗಳ ಹೆಸರು ಎಲ್ಲವನ್ನೂ ಕಲಿತಳು. ಹದಿನಾರರಲ್ಲಿ ಕಾನ್ವೆಂಟಿನಿಂದ ಮರಳಿದ ಮೇಲೆ ಕೋಲೆಟ್ ಎಂಬ ಕುದುರೆಯೇರಿ ಊರೂರು ತಿರುಗಿದಳು. ಹುಡುಗರ ಉಡುಪು ತೊಟ್ಟರೆ ಬೇಲಿ ಹಾರಲು ಸಲೀಸು ಎಂದು ಆಗಲೇ ಹೇಳಿಕೊಟ್ಟವನು ಮನೆಯ ಮುದಿ ಮೇಷ್ಟ್ರು. ಅಜ್ಜಿ ತೀರಿಕೊಂಡಾಗ ಹದಿನೇಳರ ಹುಡುಗಿಯೇ ನೋಹಾಂನ ಮನೆ, ಹೊಲಗಳ ಒಡತಿ.

ಒಡತಿತನ ಉಳಿದದ್ದು ಒಂದು ವರ್ಷವೂ ಇಲ್ಲ. 1822ರಲ್ಲಿ ಕಸಿಮಿರ್ ದ್ಯುದವಾಂ ಎಂಬವನೊಡನೆ ಮದುವೆಯಾಯಿತು. ಆಕೆ ಹುಟ್ಟಿದ ವರ್ಷವೇ ಜಾರಿಗೆ ಬಂದ ನೆಪೋಲಿಯನ್ನನ ನಾಗರಿಕ ಸಂಹಿತೆ ಸ್ಪಷ್ಟವಾಗಿತ್ತು. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು. ಅವನು ಎಲ್ಲಿರಲು ಬಯಸುತ್ತಾನೋ ಅಲ್ಲಿಗೆ ಹಿಂಬಾಲಿಸಬೇಕು. ಆಸ್ತಿಯ ಆಡಳಿತವೂ ಅವನದೇ. 1816ರಲ್ಲಿ ವಿಚ್ಛೇದನವನ್ನೂ ರದ್ದುಗೊಳಿಸಿದ್ದರು. ಅದು ಮರಳಿ ಬಂದದ್ದು 1884ರಲ್ಲಿ, ಆಕೆ ಸತ್ತು ಎಂಟು ವರ್ಷಗಳಾದ ಮೇಲೆ. ಅಂದರೆ ತನ್ನದೇ ಹೊಲದ ಬದುವಿನ ಮೇಲೆ ಆಕೆ ನಡೆಯುತ್ತಿದ್ದದ್ದು ಕಾನೂನಿನ ಕಣ್ಣಿಗೆ ಗಂಡನ ಅಪ್ಪಣೆಯಿಂದ. ಎರಡು ಮಕ್ಕಳಾದವು. ಗಂಡ ಬೇಟೆ, ಕುಡಿತಗಳಲ್ಲಿ ಮುಳುಗಿದ. ಒಂಬತ್ತನೆಯ ವರ್ಷಕ್ಕೆ ಒಂದು ಒಪ್ಪಂದವಾಯಿತು. ಅರ್ಧ ವರ್ಷ ಪ್ಯಾರಿಸ್, ಅರ್ಧ ವರ್ಷ ನೋಹಾಂ, ಖರ್ಚಿಗೆ ವರ್ಷಕ್ಕೆ 3000 ಫ್ರಾಂಕ್. ಆ ಹಣವೂ ಆಕೆಯದೇ ಆಸ್ತಿಯದು ಎಂಬುದನ್ನು ಮರೆಯಬಾರದು.

ಕಬ್ಬಿಣದ ಹಿಮ್ಮಡಿಯ ಬೂಟು ಬಂದದ್ದು ಆಗ. ಹೆಣ್ಣು ಗಂಡುಡುಗೆ ತೊಡಬೇಕಾದರೆ ಪೊಲೀಸರ ಪರವಾನಗಿ ಬೇಕೆಂಬ 1800ರ ಆದೇಶ ಪ್ಯಾರಿಸ್ಸಿನಲ್ಲಿತ್ತು. ಅದು ಪೂರ್ತಿ ಅಸಿಂಧು ಎಂದು ಫ್ರಾನ್ಸ್ ಸರ್ಕಾರ ಘೋಷಿಸಿದ್ದು 2013ರಲ್ಲಿ! 1832ರಲ್ಲಿ ‘ಇಂಡಿಯಾನಾ’ ಕಾದಂಬರಿ ಹೊರಬಂತು. ಮದುವೆಯಲ್ಲಿ ಉಸಿರುಗಟ್ಟಿದ ಹೆಣ್ಣಿನ ಆ ಕಥೆಯಿಂದ ಹೆಸರು, ಹಣ ಎರಡೂ ಬಂದವು. 1836ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ ಗಂಡನಿಂದ ಬೇರೆಯಾಗಿ ನೋಹಾಂ ಅನ್ನು ಮರಳಿ ಪಡೆದಳು.

ಮರುವರ್ಷ ಆಗಸ್ಟಿನಲ್ಲಿ ತಾಯಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಳು. ಗಂಡುಡುಗೆಯ ಗುಟ್ಟು ಹೇಳಿಕೊಟ್ಟ ತಾಯಿ. ಆ ದಿನಗಳಲ್ಲಿ ಆಕೆ ಹದಿನಾಲ್ಕರ ಮಗ ಮಾರಿಸ್‌ನೊಡನೆ ಫೋಂಟೆನ್‌ಬ್ಲೋ ಕಾಡಿನ ಅಂಚಿನಲ್ಲಿ ತಂಗಿದ್ದಳು. ಹಗಲೆಲ್ಲ ಓಕ್ ಮರಗಳ ನಡುವೆ, ಬಂಡೆಗಳ ಮೇಲೆ ಅಲೆದಾಟ, ಗಿಡ, ಚಿಟ್ಟೆಗಳ ಸಂಗ್ರಹ. ಮಗ ಮಲಗಿದ ಮೇಲೆ ಬರವಣಿಗೆ. ಈ ಕಾಡಿನ ಮಾತು ಮತ್ತೆ ಬರುತ್ತದೆ.

ಬರವಣಿಗೆ ಯಾವಾಗಲೂ ರಾತ್ರಿಯ ಕೆಲಸವೇ. ಮನೆಯವರ, ಅತಿಥಿಗಳ ಊಟ, ಆಟ, ಮಾತು ಎಲ್ಲ ಮುಗಿದ ಮೇಲೆ ಬೆಳಗಿನ ಜಾವದವರೆಗೆ ಪುಟಗಟ್ಟಲೆ ಬರೆಯುತ್ತಿದ್ದಳು. ಹಣ್ಣಿನ ಜಾಮ್ ಮಾತ್ರ ತಾನೇ ಒಲೆಯ ಮುಂದೆ ನಿಂತು ಮಾಡಬೇಕು. ನೆರೆಯ ಗೆಳೆಯನೊಬ್ಬ ಮಡಗಾಸ್ಕರ್ ಕಂಡು ಬಂದ ಸಸ್ಯಪ್ರೇಮಿ. ಅವನಿಂದ ಸಸ್ಯಶಾಸ್ತ್ರ ಕಲಿತಳು. ‘ದೆವ್ವದ ಕೆರೆ’, ‘ಪುಟ್ಟ ಫಾದೆತ್’ ಮೊದಲಾದ ಹಳ್ಳಿಯ ಕಾದಂಬರಿಗಳು ಆ ತಗ್ಗು ಓಣಿಗಳಿಂದಲೇ ಎದ್ದು ಬಂದವು. ‘ದೆವ್ವದ ಕೆರೆ’ಯಲ್ಲಂತೂ ಇಡೀ ಕಥೆ ನಿಂತಿರುವುದು ಕಾಡಿನಲ್ಲಿ ದಾರಿ ತಪ್ಪಿದ ಒಂದು ರಾತ್ರಿಯ ಮೇಲೆ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಐವತ್ತು ದಾಟಿದ ಮೇಲಿನ ಸ್ಯಾಂಡ್. ಆಗ ಜೊತೆಗಿದ್ದವನು ಅಲೆಕ್ಸಾಂದ್ರ್ ಮಾಂಸೊ, ಆಕೆಗಿಂತ ಹದಿಮೂರು ವರ್ಷ ಚಿಕ್ಕ ಕೆತ್ತನೆಗಾರ. 1852ರಿಂದ ಅವನು ಮನೆಯ ದಿನಚರಿ ಬರೆದಿಟ್ಟ. ಇವತ್ತು ಹವೆ ಹೇಗಿತ್ತು, ಯಾರು ಬಂದರು, ಎತ್ತ ತಿರುಗಾಡಿದೆವು, ಎಲ್ಲವೂ ಅದರಲ್ಲಿ ಸಿಗುತ್ತದೆ. 1857ರ ಬೇಸಿಗೆಯಲ್ಲಿ ಇಬ್ಬರೂ ಕ್ರೂಜ್ ನದಿಯ ಕಣಿವೆಯಲ್ಲಿ ಗಾರ್ಜಿಲೆಸ್ ಎಂಬ ಹಳ್ಳಿಗೆ ಇಳಿದರು. ನೋಹಾಂನ ಸಪಾಟು ಹೊಲಗಳಿಂದ ಒಂದು ದಿನದ ದಾರಿಯೂ ಅಲ್ಲ, ಆದರೆ ಬೇರೆಯದೇ ಲೋಕ. ಬಂಡೆಗಳನ್ನು ಕೊರೆದು ಬಳುಕುವ ನದಿ, ಅದಕ್ಕೆ ಸೇರುವ ಅದೇ ಹೆಸರಿನ ಹಳ್ಳ, ನಡುವೆ ಹಳೆಯ ಇಗರ್ಜಿಯ ಸುತ್ತ ಒತ್ತಿಕೊಂಡ ಮನೆಗಳು. ಗಾಳಿ ತಾಗದ ಆ ತಗ್ಗಿನಲ್ಲಿ ಬಿಸಿಲು ಎಷ್ಟು ಬೆಚ್ಚಗೆಂದರೆ, ಮೆಡಿಟರೇನಿಯನ್ ಕಡೆಯದೆಂದು ತಿಳಿದಿದ್ದ ‘ಆಲ್ಜಿರಾ’ ಎಂಬ ಪತಂಗ ಅಲ್ಲಿ ಸಿಕ್ಕಿತು. ಮಾಂಸೊ ಅಲ್ಲೇ ಒಂದು ಪುಟ್ಟ ರೈತ ಮನೆ ಕೊಂಡು ರಿಪೇರಿ ಮಾಡಿಸಿದ. ಮನೆಗೆ ಪತಂಗದ ಹೆಸರೇ ಆಯಿತು: ವಿಲ್ಲಾ ಆಲ್ಜಿರಾ.

ನೋಹಾಂ ದೊಡ್ಡ ಮನೆ. ಸದಾ ನೆಂಟರು, ಅಡುಗೆಯವರು, ಸಾಲ ಕೇಳುವವರು. ಗಾರ್ಜಿಲೆಸ್‌ನಲ್ಲಿ ಒಂದು ಮೇಜು, ಒಂದು ಮಂಚ, ಬಾಗಿಲು ತೆರೆದರೆ ದಾರಿ. ಲೋಕವಿಖ್ಯಾತಳಾದ ಅಜ್ಜಿವಯಸ್ಸಿನ ಹೆಂಗಸು ಅಲ್ಲಿ ಊರವರ ಜೊತೆ ಹರಟುತ್ತ, ಕಲ್ಲು ಹೆಕ್ಕುತ್ತ, ಕ್ರೋಜಾಂನ ಪಾಳುಕೋಟೆಯತ್ತಲೂ ತಿರುಗುತ್ತ ಇದ್ದಳು. ಆ ತಿರುಗಾಟದ ಬರಹಗಳು ‘ಒಂದು ಹಳ್ಳಿಯ ಸುತ್ತ ನಡಿಗೆಗಳು’ ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕವಾದವು. ರಜೆ ಸಿಕ್ಕರೆ ದೂರದ ಊರಿಗೇ ಟಿಕೆಟ್ ತೆಗೆಯುವ ನಾವು ಗಮನಿಸಬೇಕಾದ ಮಾತು ಆ ಶೀರ್ಷಿಕೆಯಲ್ಲೇ ಇದೆ. ಆಕೆ ಹೋದದ್ದು ಒಂದು ಹಳ್ಳಿಯ ಸುತ್ತ, ಅಷ್ಟೇ.

1860ರ ಕೊನೆಯಲ್ಲಿ ಟೈಫಾಯ್ಡ್ ಬಂದು ಸಾವಿನ ಬಾಗಿಲಿಗೆ ಹೋಗಿ ಬಂದಳು. ಚೇತರಿಕೆಗೆಂದು 1861ರ ಫೆಬ್ರವರಿಯಲ್ಲಿ ದಕ್ಷಿಣದ ಕಡಲತೀರಕ್ಕೆ, ತುಲೋಂ ಬಂದರಿನ ಎದುರಿನ ತಮಾರಿಸ್‌ಗೆ ಹೋದಳು. ಐವತ್ತಾರರ ವಯಸ್ಸು, ಕಾಯಿಲೆಯಿಂದ ಎದ್ದ ಮೈ. ವಿಶ್ರಾಂತಿ ಎಂದರೆ ಆರಾಮಕುರ್ಚಿ ಎಂದುಕೊಳ್ಳುವವರಿಗೆ ಆಕೆಯ ವಿಶ್ರಾಂತಿ ಅರ್ಥವಾಗದು. ಪೈನ್ ಮರಗಳ ನಡುವೆ, ಕಡಲಂಚಿನ ಕಲ್ಲುದಾರಿಗಳಲ್ಲಿ, ಮಿಸ್ತ್ರಾಲ್ ಗಾಳಿ ಬೀಸಿದರೂ ಬಿಡದೆ ನಡೆದಳು. ಅಲ್ಲಿಗೆ ಹತ್ತಿರವೇ ಸಿಸಿಯೆ ಭೂಶಿರ. ಕಡಲಿನಿಂದ ನೇರ ಎದ್ದು ನಿಂತ ಕಡಿದಾದ ಬಂಡೆಗೋಡೆ, 350 ಮೀಟರಿಗೂ ಮೇಲೆ ತುದಿಯಲ್ಲಿ ನಾವಿಕರು ಹರಕೆ ಹೊರುವ ಮೇರಿ ಮಾತೆಯ ಗುಡಿ. ಕಾಲಡಿ ಆಳದಲ್ಲಿ ಅಲೆಗಳು. ಬೆರಿಯ ತಗ್ಗು ಓಣಿಗಳಲ್ಲಿ ಬೆಳೆದವಳಿಗೆ ಈ ಬಯಲು, ಈ ಬೆಳಕು ಹೊಸದು. ಬೇಸಿಗೆಯ ಹೊತ್ತಿಗೆ ಮೈ ಗಟ್ಟಿಯಾಗಿತ್ತು. ‘ತಮಾರಿಸ್’ ಎಂಬ ಕಾದಂಬರಿಗೆ ಭೂಗೋಳ ಸಿದ್ಧವಾಗಿತ್ತು.

ಸುಖ ಬಹಳ ಕಾಲ ಉಳಿಯಲಿಲ್ಲ. ಮಾಂಸೊಗೆ ಕ್ಷಯ. ತಿಂಗಳುಗಟ್ಟಲೆ ಆರೈಕೆ ಮಾಡಿದರೂ 1865ರಲ್ಲಿ ತೀರಿಕೊಂಡ. ಆಕೆ ನೋಹಾಂಗೆ ಮರಳಿ ಮೊಮ್ಮಕ್ಕಳಿಗೆ ಅಕ್ಷರ ಕಲಿಸುತ್ತ, ಕಥೆ ಹೇಳುತ್ತ, ಬೇಸಿಗೆಯಲ್ಲಿ ಆಂದ್ರ್ ನದಿಯ ತಣ್ಣೀರಿನಲ್ಲಿ ಮುಳುಗೇಳುತ್ತ ಉಳಿದಳು.

1872ರಲ್ಲಿ ಫೋಂಟೆನ್‌ಬ್ಲೋ ಕಾಡಿನ ಹಳೆಯ ಮರಗಳನ್ನು ಕಡಿಯುವ ಮಾತು ಎದ್ದಿತು. ಪ್ರಶ್ಯದೊಡನೆ ಯುದ್ಧದಲ್ಲಿ ಸೋತು ಫ್ರಾನ್ಸ್ ಭಾರೀ ಪರಿಹಾರ ತೆರುತ್ತಿದ್ದ ಕಾಲ. 1861ರಲ್ಲೇ ಚಿತ್ರಕಾರರ ಒತ್ತಾಯದಿಂದ ಅಲ್ಲಿ ಸಾವಿರ ಹೆಕ್ಟೇರಿಗೂ ಮಿಕ್ಕಿ ಕಾಡನ್ನು ಕಾಯ್ದಿರಿಸಲಾಗಿತ್ತು. ಕಲಾವಿದರು ಮತ್ತೆ ಒಟ್ಟಾಗಿ ಆಕೆಯ ಬೆಂಬಲ ಕೇಳಿದರು. ಅರವತ್ತೆಂಟರ ಸ್ಯಾಂಡ್ ಪತ್ರಿಕೆಯಲ್ಲಿ ಲೇಖನ ಬರೆದಳು. ಚಿತ್ರಕಾರರು ಕೇಳಿದ್ದು ಚೆಲುವಿಗಾಗಿ. ಆಕೆ ಅಷ್ಟಕ್ಕೆ ನಿಲ್ಲಲಿಲ್ಲ. ಕಾಡು ಕಲಾವಿದರಿಗಷ್ಟೇ ಸೇರಿದ್ದಲ್ಲ, ಎಲ್ಲರದೂ ಎಂದಳು. ಮರ ಹೋದರೆ ಮಣ್ಣು ಒಣಗುತ್ತದೆ, ಹವೆ ಬದಲಾಗುತ್ತದೆ, ಕೊನೆಗೆ ಭೂಮಿಯೇ ಬರಡಾಗುತ್ತದೆ ಎಂದು ಎಚ್ಚರಿಸಿದಳು. ಇದು ನೂರೈವತ್ತು ವರ್ಷದ ಹಿಂದಿನ ಮಾತು. ಮುಂಬಯಿಯ ಆರೆ ಕಾಡಿನ ಮರಗಳಿಗಾಗಿ ಜನ ಬೀದಿಗಿಳಿದದ್ದನ್ನು ಕಂಡ ನಮಗೆ ಆ ವಾದ ಹಳತೆನಿಸುವುದಿಲ್ಲ.

1876ರ ಜೂನ್ 8ರಂದು ಹೊಟ್ಟೆಯ ಕಾಯಿಲೆಯಿಂದ ನೋಹಾಂನಲ್ಲೇ ತೀರಿಕೊಂಡಳು. ಎರಡು ದಿನ ಬಿಟ್ಟು, ಸುರಿವ ಮಳೆಯಲ್ಲಿ, ತೋಟದ ಪಕ್ಕದ ಪುಟ್ಟ ಸ್ಮಶಾನದಲ್ಲಿ ಮಣ್ಣು ಮಾಡಿದರು. ಪ್ಯಾರಿಸ್ಸಿನಿಂದ ಫ್ಲೊಬೇರ್, ನೆಪೋಲಿಯನ್ ಮನೆತನದ ರಾಜಕುಮಾರ ಬಂದಿದ್ದರು. ಹೆಚ್ಚಿಗೆ ಸೇರಿದ್ದು ಸುತ್ತಲಿನ ಹಳ್ಳಿಯ ಹೆಂಗಸರು, ಒದ್ದೆ ಹುಲ್ಲಿನ ಮೇಲೆ ಮೊಣಕಾಲೂರಿ.

ಆಕೆಯ ‘ಲೆ ಮೆತ್ರ್ ಸೊನ್ನರ್’ ಕಾದಂಬರಿಯ ಹೆಸರಿನಲ್ಲೇ ಈಗ ಆ ಸೀಮೆಯಲ್ಲೊಂದು ಚಾರಣ ಮಾರ್ಗವಿದೆ. ಮರಗಳ ಮೇಲೆ ಬಳಿದ ಹಳದಿ, ಕೆಂಪು ಪಟ್ಟಿಗಳನ್ನು ನೋಡುತ್ತ ನಡೆಯಬಹುದು. ಗಾರ್ಜಿಲೆಸ್‌ನ ಪುಟ್ಟ ಮನೆ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಂದ ನದಿಯ ಮೇಲ್ಭಾಗಕ್ಕೆ ಹೋದರೆ 1926ರಲ್ಲಿ ಮುಗಿದ ಏಗುಜೋಂ ಅಣೆಕಟ್ಟು ಎದುರಾಗುತ್ತದೆ. ಕ್ರೋಜಾಂ ಕೋಟೆಯವರೆಗೂ ನೀರು ನಿಂತಿದೆ. ಅಲ್ಲಿ ಆಕೆ ನಡೆದ ನದೀಪಾತ್ರ ಆ ನೀರಿನ ಕೆಳಗಿದೆ. ಈಗಿನ ಕಾಲುದಾರಿಗಳು ಮೇಲಿನ ಕಾಡಿನ ಇಳಿಜಾರಿನಲ್ಲಿ ಸಾಗುತ್ತವೆ.