ಗಿಜುಭಾಯಿ ಬಧೇಕಾ: ತರಗತಿಯನ್ನೇ ಪ್ರಯೋಗಶಾಲೆ ಮಾಡಿಕೊಂಡವರು

ಕ್ರಿಯಾ ಸಂಶೋಧನೆಯ ಪಾಠದಲ್ಲಿ ನಾವು ಕರ್ಟ್ ಲೆವಿನ್, ಸ್ಟೀಫನ್ ಕೋರಿ ಅವರ ಹೆಸರುಗಳನ್ನು ಓದುತ್ತೇವೆ. ಲೆವಿನ್ ಈ ಪದವನ್ನು ಬಳಕೆಗೆ ತಂದದ್ದು 1940ರ ದಶಕದಲ್ಲಿ. ಕೋರಿ ಅದನ್ನು ಶಾಲೆಗೆ ಅನ್ವಯಿಸಿ ಪುಸ್ತಕ ಬರೆದದ್ದು 1953ರಲ್ಲಿ. ಅದಕ್ಕೂ ಮೊದಲೇ, ಆ ಹೆಸರಿಲ್ಲದೆ ಆ ಕೆಲಸವನ್ನು ಮಾಡಿದವರು ಗುಜರಾತಿನ ಗಿಜುಭಾಯಿ ಬಧೇಕಾ.

ಗಿಜುಭಾಯಿ ಅವರು 1885ರ ನವೆಂಬರ್ 15ರಂದು ಸೌರಾಷ್ಟ್ರದಲ್ಲಿ ಜನಿಸಿದರು. 1907ರಲ್ಲಿ ಪೂರ್ವ ಆಫ್ರಿಕಾಕ್ಕೆ ಹೋಗಿ ಕೆಲಕಾಲ ಅಲ್ಲಿದ್ದು, ಹಿಂತಿರುಗಿದ ಮೇಲೆ ಕಾನೂನು ಓದಿ ವಕೀಲರಾದರು. 1913ರಲ್ಲಿ ಮಗ ಹುಟ್ಟಿದಾಗ ಅವನಿಗೆ ಎಂಥ ಶಿಕ್ಷಣ ಕೊಡಬೇಕೆಂಬ ಪ್ರಶ್ನೆ ಎದುರಾಯಿತು. ಉತ್ತರ ಹುಡುಕುತ್ತಾ ಮಾಂಟೆಸರಿ ಅವರ ವಿಚಾರಗಳನ್ನು ಓದಿದರು. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. ವಕೀಲಿ ಬಿಟ್ಟು ಮೇಷ್ಟರಾದರು. 1920ರಲ್ಲಿ ಅಲ್ಲಿ ಬಾಲಮಂದಿರ ಆರಂಭವಾಯಿತು. 1925ರಲ್ಲಿ ಶಿಕ್ಷಕರ ತರಬೇತಿಗಾಗಿ ಅಧ್ಯಾಪನ ಮಂದಿರವೂ ಶುರುವಾಯಿತು. ಮಕ್ಕಳ ಮೇಲಿನ ಮಮತೆಗಾಗಿ ಜನ ಅವರನ್ನು ಮೀಸೆಯ ತಾಯಿ ಎಂದು ಕರೆದರು.

ಅವರ 'ದಿವಾಸ್ವಪ್ನ' ಪ್ರಕಟವಾದದ್ದು 1932ರಲ್ಲಿ. ಹೆಸರಿನ ಅರ್ಥ ಹಗಲುಗನಸು. ಕಥೆಯ ರೂಪದಲ್ಲಿದ್ದರೂ ಇದನ್ನು ಕ್ರಿಯಾ ಸಂಶೋಧನೆಯ ವರದಿಯಂತೆ ಓದಬಹುದು. ಲಕ್ಷ್ಮೀರಾಮ್ ಎಂಬ ಶಿಕ್ಷಕ ಶಿಕ್ಷಣಾಧಿಕಾರಿಯ ಒಪ್ಪಿಗೆ ಪಡೆದು, ನಾಲ್ಕನೆಯ ತರಗತಿಯನ್ನು ಒಂದು ವರ್ಷದ ಪ್ರಯೋಗಕ್ಕೆ ತೆಗೆದುಕೊಳ್ಳುತ್ತಾನೆ. ಮೊದಲ ದಿನ ಮೌನದ ಆಟ ಆಡಿಸಲು ಹೋದಾಗ ಮಕ್ಕಳು ಗಲಾಟೆ ಎಬ್ಬಿಸುತ್ತಾರೆ. ಯೋಜನೆ ಪೂರ್ತಿ ಕೈಕೊಡುತ್ತದೆ. ಅವನು ತಪ್ಪನ್ನು ಮಕ್ಕಳ ಮೇಲೆ ಹೊರಿಸುವುದಿಲ್ಲ, ಯೋಜನೆಯನ್ನೇ ಬದಲಿಸುತ್ತಾನೆ. ಮರುದಿನ ಕಥೆ ಹೇಳುತ್ತಾನೆ, ತರಗತಿ ತಾನಾಗಿ ಮೌನವಾಗುತ್ತದೆ. ಕಥೆಯಿಂದ ಓದುವ ಆಸೆ ಹುಟ್ಟುತ್ತದೆ. ಆ ಆಸೆಯನ್ನು ಕಂಡು ತರಗತಿಯಲ್ಲೇ ಪುಟ್ಟ ಗ್ರಂಥಾಲಯ ಮಾಡುತ್ತಾನೆ. ಸಹೋದ್ಯೋಗಿಗಳು ನಗುತ್ತಾರೆ; ವರ್ಷದ ಕೊನೆಯ ಪರೀಕ್ಷೆಯ ಭಯವೂ ತಲೆಯ ಮೇಲಿರುತ್ತದೆ. ಆದರೂ ಪ್ರಯೋಗ ನಿಲ್ಲುವುದಿಲ್ಲ.

ಸಮಸ್ಯೆ ಗುರುತಿಸುವುದು, ಯೋಜಿಸುವುದು, ಮಾಡಿ ನೋಡುವುದು, ಅವಲೋಕಿಸುವುದು, ಮತ್ತೆ ಯೋಜಿಸುವುದು: ನಾವು ಬಾಯಿಪಾಠ ಮಾಡುವ ಹಂತಗಳೆಲ್ಲ ಇಲ್ಲಿವೆ.

ಗಿಜುಭಾಯಿ 1926ರಲ್ಲಿ ತಾರಾಬಾಯಿ ಮೋಡಕ್ ಅವರೊಂದಿಗೆ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದ್ದರು. 1939ರ ಜೂನ್ 23ರಂದು ಅವರು ನಿಧನರಾದರು. ಮಾಂಟೆಸರಿ ಭಾರತಕ್ಕೆ ಬಂದದ್ದು ಅದೇ ವರ್ಷದ ಕೊನೆಯಲ್ಲಿ. ತಾರಾಬಾಯಿ ಮುಂದೆ ಮಹಾರಾಷ್ಟ್ರದ ಕೋಸಬಾಡದಲ್ಲಿ ಆದಿವಾಸಿ ಮಕ್ಕಳ ನಡುವೆ ಈ ಕೆಲಸವನ್ನು ಮುಂದುವರಿಸಿದರು.

ಬೋಧನಾಭ್ಯಾಸದ ವರದಿ ಬರೆಯುವಾಗ ಪೂರ್ವ ಪರೀಕ್ಷೆಗೆ ಕಡಿಮೆ ಅಂಕ, ಉತ್ತರ ಪರೀಕ್ಷೆಗೆ ಹೆಚ್ಚು ಅಂಕ ತೋರಿಸಿ ಮುಗಿಸುವುದು ಸುಲಭ. ಆದರೆ ಹಾಗೆ ಮಾಡಿದರೆ ಪಟ್ಟಿ ತುಂಬುತ್ತದೆಯೇ ಹೊರತು ತರಗತಿ ಬದಲಾಗುವುದಿಲ್ಲ. ವಿಜ್ಞಾನದಲ್ಲಿ ಫಲಿಸದ ಪ್ರಯೋಗವೂ ಒಂದು ದತ್ತಾಂಶವೇ. ಲಕ್ಷ್ಮೀರಾಮನ ಮೊದಲ ದಿನವನ್ನು ಗಿಜುಭಾಯಿ ಮುಚ್ಚಿಡಲಿಲ್ಲ. ಎರಡನೆಯ ದಿನದ ಬೆಲೆ ನಮಗೆ ತಿಳಿಯುವುದು ಆ ಮೊದಲ ದಿನದಿಂದಲೇ. ನಮ್ಮ ವರದಿಗಳಲ್ಲೂ ಆ ಮೊದಲ ದಿನಕ್ಕೆ ಒಂದು ಪುಟ ಇರಲಿ.