ಹಳ್ಳಿಯನ್ನೇ ಪುಸ್ತಕದಂತೆ ಓದಿದ ಡಾ. ಎಂ. ಎನ್. ಶ್ರೀನಿವಾಸ್



ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನದ ಬಗ್ಗೆ ಬರೆದುಕೊಡಿ ಅಂತ ಸಂಪಾದಕ ಮಂಡಳಿಯವರು ಹೇಳಿದಾಗ, ನನಗೆ ಮೊದಲು ನೆನಪಾದದ್ದು ರಾಜಕಾರಣಿಗಳೂ ಅಲ್ಲ, ಸಿನಿಮಾ ನಟರೂ ಅಲ್ಲ. ಒಬ್ಬ ಮೇಷ್ಟ್ರು. ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಗೊಲ್ಲರಹಟ್ಟಿಯ ಒಬ್ಬ ಹುಡುಗ ಸಂಘದ ಆಫೀಸಿಗೆ ಬಂದ. ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದ. ಮುಂದೆ ಪಿಎಚ್.ಡಿ. ಮಾಡುವ ಆಸೆ. ಸಂಘದ ಸದಸ್ಯರಲ್ಲಿ ಯಾವ ಜಾತಿಯವರು ಎಷ್ಟು, ಹೆಂಗಸರು ಎಷ್ಟು, ಸಾಲ ಯಾರ್ಯಾರಿಗೆ ಹೋಗಿದೆ ಅಂತ ಕೇಳಿದ. ನಾವು ನಿರ್ದೇಶಕರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇದೆಲ್ಲಾ ನಿನಗ್ಯಾಕಪ್ಪ, ಬಿ.ಎಡ್. ಮಾಡಿಕೊಂಡು ಕೆಲಸ ನೋಡ್ಕೊ ಅಂತ ಬುದ್ಧಿ ಹೇಳಿ ಕಳಿಸಿದೆವು. ಹೋಗುವಾಗ ಆ ಹುಡುಗ ಬೇಸರ ಮಾಡಿಕೊಳ್ಳದೆ, ಅಣ್ಣ, ಎಂ. ಎನ್. ಶ್ರೀನಿವಾಸ್ ಅವರ ಬಗ್ಗೆ ಒಂದಿಷ್ಟು ಓದಿ ನೋಡಿ ಅಂತ ಕೆಲವು ಹಾಳೆ ಕೊಟ್ಟು ಹೋದ. ನಾನು ಎಸ್.ಎಸ್.ಎಲ್.ಸಿ.ಯವರೆಗೆ ಓದಿದವನು. ಆದರೂ ಬಿಡದೆ ಓದಿದೆ, ತಿಳಿದವರನ್ನು ಕೇಳಿದೆ. ಅದರಿಂದ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಅವರು ಹುಟ್ಟಿದ್ದು 16-11-1916ರಂದು, ಮೈಸೂರಿನಲ್ಲಿ. ಅಯ್ಯಂಗಾರ್ ಮನೆತನ. ಪೂರ್ವಿಕರ ಊರು ಅರಕೆರೆ. ಮಕ್ಕಳ ಓದಿಗಾಗಿ ತಂದೆಯವರು ಹಳ್ಳಿ ಬಿಟ್ಟು ಮೈಸೂರು ಸೇರಿದ್ದರು. ಅವರ ಮನೆಯ ಹಿಂದೆಯೇ ಬಂಡಿಕೇರಿ ಎಂಬ ಕುರುಬರ ಕೇರಿ ಇತ್ತು. ಮುಂದಿನ ಬೀದಿಯಲ್ಲಿ ಓದು, ಮಡಿ, ಆಫೀಸು. ಹಿಂದಿನ ಬೀದಿಯಲ್ಲಿ ಊಟ ಬೇರೆ, ಮಾತು ಬೇರೆ, ದೇವರು ಬೇರೆ. ನಾಲ್ಕು ಹೆಜ್ಜೆಯಲ್ಲಿ ಎರಡು ಲೋಕ ಇರುವುದನ್ನು ಬಾಲಕನಾಗಿದ್ದಾಗಲೇ ಕಂಡು ಅವರು ಬೆರಗಾಗಿದ್ದರು.

ಮೈಸೂರು ಮಹಾರಾಜಾ ಕಾಲೇಜಿನಲ್ಲಿ 1936ರಲ್ಲಿ ಆನರ್ಸ್ ಪದವಿ ಮುಗಿಸಿದರು. ಮುಂದಿನ ಓದಿಗೆ ಬೊಂಬಾಯಿಗೆ ಹೋದರು. ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ 1919ರಲ್ಲೇ ಸಮಾಜಶಾಸ್ತ್ರ ವಿಭಾಗ ಶುರುವಾಗಿತ್ತು. ಅಲ್ಲಿ ಜಿ. ಎಸ್. ಘುರ್ಯೆ ಎಂಬ ದೊಡ್ಡ ಗುರುಗಳಿದ್ದರು. ಶ್ರೀನಿವಾಸರು ಅವರ ಕೈಕೆಳಗೆ ಎಂ.ಎ. ಮಾಡುತ್ತಲೇ ಕಾನೂನನ್ನೂ ಓದಿದರು.

ಎಂ.ಎ. ಪದವಿಗೆ ಅವರು ಪ್ರಬಂಧ ಬರೆದದ್ದು ದೂರದ ದೇಶದ ಬಗ್ಗೆ ಅಲ್ಲ, ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ. ನಮ್ಮ ಹೆಣ್ಣುಮಕ್ಕಳು ನಿತ್ಯ ಮಾತಾಡುವ ಹೆಣ್ಣು ತರುವುದು, ತೆರ, ಸೋದರ ಸಂಬಂಧ, ಶಾಸ್ತ್ರ, ಇವೇ ಅವರಿಗೆ ವಿದ್ಯೆಯಾಯಿತು. ಈ ಪ್ರಬಂಧ 1942ರಲ್ಲಿ ಪುಸ್ತಕವಾಗಿ ಬಂತು. ಇದರ ಬುನಾದಿಯ ಮೇಲೆಯೇ ಮುಂದಿನ ಕಟ್ಟಡ ಎದ್ದದ್ದು. ಘುರ್ಯೆಯವರ ಸೂಚನೆಯಂತೆ ಕೊಡಗಿಗೆ ಹೋಗಿ, ಕೊಡವರ ಆಚಾರ ವಿಚಾರ ನೋಡಿ 1944ರಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿಗೂ ನಿಲ್ಲದೆ 1945ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋಗಿ, ತಾವೇ ಕೂಡಿಸಿದ್ದ ಕೊಡಗಿನ ಸಾಮಗ್ರಿಯನ್ನು ಹೊಸ ಗುರುಗಳ ಬಳಿ ಹೊಸ ಕಣ್ಣಿನಿಂದ ಮತ್ತೆ ನೋಡಿ 1947ರಲ್ಲಿ ಇನ್ನೊಂದು ಡಾಕ್ಟರೇಟ್ ಪಡೆದರು. ಅದು ಪುಸ್ತಕವಾದದ್ದು 1952ರಲ್ಲಿ. ಕೆಳಗಿನವರೆನಿಸಿಕೊಂಡವರು ಮೇಲಿನವರ ಆಚಾರ, ಊಟ, ಪೂಜೆ ಹಿಡಿದು ತಾವೂ ಮೇಲೇರಲು ನೋಡುವುದಕ್ಕೆ ಅವರು ಸಂಸ್ಕೃತೀಕರಣ ಎಂದು ಹೆಸರಿಟ್ಟರು.

ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುವ ಹುದ್ದೆ ಸಿಕ್ಕಾಗ, ಮೊದಲು ಒಂದು ವರ್ಷ ಹಳ್ಳಿಯಲ್ಲಿದ್ದು ಬರಲು ಅವರಿಗೆ ಅವಕಾಶ ಕೊಟ್ಟರು. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಬಂದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಅಂತ ಹೆಸರಿಟ್ಟಿದ್ದಾರೆ, ನಿಜವಾದ ಹೆಸರು ಕೊಡಗಹಳ್ಳಿ. ಆಗ ಅಲ್ಲಿ ಸುಮಾರು 1,500 ಜನ. ಹಿಂದೂಗಳಲ್ಲೇ 19 ಜಾತಿ, ಜೊತೆಗೆ ಮುಸ್ಲಿಮರು. ವಿಲಾಯಿತಿಯಲ್ಲಿ ಓದಿದ ಈ ವಿದ್ವಾಂಸರು ಇಳಿದುಕೊಂಡದ್ದು ಊರ ಪಟೇಲರ ಎತ್ತಿನ ಮನೆಯಲ್ಲಿ. ಉಳುವುದು, ಬಿತ್ತುವುದು, ಸಾಲ, ನ್ಯಾಯ ಪಂಚಾಯಿತಿ, ಜಗಳ, ಹಬ್ಬ ಎಲ್ಲವನ್ನೂ ಕೇಳಿ ಬರೆದುಕೊಂಡರು. ಕ್ಯಾಮೆರಾ ಹಿಡಿದು ಓಡಾಡುತ್ತಿದ್ದುದರಿಂದ ಜನ ಅವರನ್ನು ಕ್ಯಾಮೆರಾದವರು ಅನ್ನೋದಕ್ಕೆ ಹೋಗಿ ಚಾಮರದವರು ಅಂತ ಕರೆಯುತ್ತಿದ್ದರಂತೆ!

ಒಂದು ಊರಲ್ಲಿ ತಲೆ ಎಣಿಕೆ, ಜಮೀನು, ಓದು, ಅಧಿಕಾರ ಯಾರ ಕೈಲಿ ಹೆಚ್ಚೋ ಅವರ ಮಾತೇ ನಡೆಯುತ್ತದೆ, ಶಾಸ್ತ್ರದಲ್ಲಿ ಯಾರು ಮೇಲು ಎಂಬುದು ಆಮೇಲಿನ ಮಾತು. ಇದನ್ನೇ ಅವರು ಪ್ರಬಲ ಜಾತಿ ಎಂದರು. ಇಂದು ಎಲ್ಲರ ಬಾಯಲ್ಲಿರುವ ವೋಟ್ ಬ್ಯಾಂಕ್ ಎಂಬ ಮಾತನ್ನು 1955ರಲ್ಲಿ ಬರವಣಿಗೆಗೆ ತಂದವರೂ ಇವರೇ.

1951ರಲ್ಲಿ ಬರೋಡ, 1959ರಲ್ಲಿ ದೆಹಲಿ, ಹೀಗೆ ಎರಡು ಕಡೆ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. ಆಮೇಲೆ ಬಂತು ದೊಡ್ಡ ಪೆಟ್ಟು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕೂತು ರಾಂಪುರದ ಪುಸ್ತಕ ಬರೆಯುತ್ತಿದ್ದಾಗ, 24-4-1970ರಂದು ಕಿಡಿಗೇಡಿಗಳು ಅಲ್ಲಿನ ಕಟ್ಟಡಕ್ಕೆ ಬೆಂಕಿ ಇಟ್ಟರು. ಹದಿನೆಂಟು ವರ್ಷ ವಿಂಗಡಿಸಿ ತಯಾರು ಮಾಡಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಕಣದಲ್ಲಿ ಒಟ್ಟಿದ ಬಣವೆಗೆ ಬೆಂಕಿ ಬಿದ್ದರೆ ರೈತನಿಗೆ ಏನಾಗುತ್ತದೆ ಎಂಬುದು ನಮಗೆ ಗೊತ್ತು. ಸೋಲ್ ಟ್ಯಾಕ್ಸ್ ಎಂಬ ವಿದ್ವಾಂಸರು, ನೆನಪಿನಿಂದಲೇ ಬರೆಯಿರಿ ಎಂದು ಧೈರ್ಯ ಹೇಳಿದರು. ಹಾಗೆ ನೆನೆದು ಬರೆದ ದಿ ರಿಮೆಂಬರ್ಡ್ ವಿಲೇಜ್ 1976ರಲ್ಲಿ ಹೊರಬಂದು ಪ್ರಪಂಚದಲ್ಲೆಲ್ಲ ಹೆಸರಾಯಿತು. 1977ರಲ್ಲಿ ಪದ್ಮಭೂಷಣ ಬಂತು.

ಅವರ ಇನ್ನೊಂದು ದೊಡ್ಡ ಗುಣ ಹೇಳಲೇಬೇಕು. ಪಟೇಲರ ಆಶ್ರಯದಲ್ಲಿದ್ದ ಕಾರಣ ತಮ್ಮ ನೋಟ ಮೇಲ್ಜಾತಿಯವರ ನೋಟವಾಯಿತು, ಹರಿಜನರ ಕೇರಿಯಿಂದ ನೋಡಿದ್ದರೆ ಊರು ಬೇರೆ ಥರ ಕಾಣುತ್ತಿತ್ತು ಎಂಬುದನ್ನು ಅವರೇ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ತನ್ನ ಕೊರತೆಯನ್ನು ತಾನೇ ಬರೆಯಲು ಎದೆ ಬೇಕು.

1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಗೆ ಬಂದು, ಕೊನೆಯವರೆಗೂ ಓದು ಬರಹದಲ್ಲೇ ಇದ್ದು 30-11-1999ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಇದನ್ನು ಓದಿದ ಮೇಲೆ ನನಗೆ ಆ ಹುಡುಗನ ಮುಖ ಕಣ್ಣ ಮುಂದೆ ಬಂತು. ಸಂಘದ ಸಾಲದ ಲೆಡ್ಜರ್ ತೆಗೆಸಿ ನೋಡಿದೆ. ಷೇರು ಪುಸ್ತಕದಲ್ಲಿ ಹಟ್ಟಿಯವರು, ಕಾಲೋನಿಯವರು, ತಾಂಡಾದವರು ಇದ್ದಾರೆ. ಸಾಲದ ಪುಟಗಳಲ್ಲಿ ಅವರ ಹೆಸರು ಬೆರಳೆಣಿಕೆಯಷ್ಟು. ಬೇಕಂತಲೇ ಮಾಡಿದ್ದಲ್ಲ. ಆದರೆ ಜಾಮೀನು ಹಾಕುವವರು ನಾವು, ನಮ್ಮ ಕಣ್ಣಿಗೆ ಬೀಳುವವರು ನಮ್ಮವರೇ. ಅಂದು ಹುಡುಗ ಕೇಳಿದ್ದು ಇದನ್ನೇ. ನಾನು ಅವನಿಗೆ ಫೋನು ಮಾಡಿ ತಪ್ಪಾಯ್ತಪ್ಪ ಅಂದೆ. ಮುಂದಿನ ಸಭೆಯಲ್ಲಿ ವಿಷಯ ಇಟ್ಟೆ. ಮಾತಿಗೆ ಮಾತು ಬೆಳೆಯಿತು, ಒಬ್ಬಿಬ್ಬರು ಎದ್ದು ಹೋದರು. ಈಗ ಅರ್ಜಿಗಳನ್ನು ಬಂದ ಕ್ರಮದಲ್ಲಿ ಬೋರ್ಡಿಗೆ ಅಂಟಿಸುತ್ತೇವೆ. ಇನ್ನೂ ಆಗಬೇಕಾದ್ದು ಬಹಳ ಇದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಬರದ ಸೀಮೆ ನಿಜ, ಆದರೆ ಓದುವವರಿಗೆ ಇಲ್ಲಿ ವಿಷಯಕ್ಕೆ ಬರವಿಲ್ಲ. ಕಡಲೆಕಾಯಿ ಕೈಕೊಟ್ಟು ಬೆಂಗಳೂರಿಗೆ ಗುಳೆ ಹೋದ ಸಂಸಾರಗಳಿವೆ. ಪಾವಗಡದ ತಿರುಮಣಿ ಕಡೆ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಜಮೀನಿದ್ದವರಿಗೆ ವರ್ಷಾ ವರ್ಷ ದುಡ್ಡು ಬರುತ್ತೆ, ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಕಥೆ ಏನು? ಕಾಡುಗೊಲ್ಲರ ಹಟ್ಟಿಗಳ ಹೆಣ್ಣುಮಕ್ಕಳ ಕಷ್ಟವೇನು? ಇವನ್ನು ನಮ್ಮ ಮಕ್ಕಳೇ ಬರೆಯಬೇಕು. ಎಂ.ಎ. ಎರಡು ವರ್ಷ, ಆಮೇಲೆ ನೆಟ್ ಪರೀಕ್ಷೆ, ಆಮೇಲೆ ಪಿಎಚ್.ಡಿ., ದಾರಿ ಉದ್ದ. ಅಷ್ಟು ದಿನ ಮನೆಯವರು ಕಾಯಬೇಕು, ಊರಿನವರು ಬಾಗಿಲು ತೆರೆಯಬೇಕು.

ಆದ್ದರಿಂದ ಬಂಧುಗಳೆ, ಪುಸ್ತಕ ಪೆನ್ನು ಹಿಡಿದು ಯಾರಾದರೂ ಹುಡುಗ ಹುಡುಗಿ ನಿಮ್ಮ ಜಗುಲಿಗೆ ಬಂದರೆ ಕೂರಿಸಿ ನೀರು ಕೊಡಿ, ಕೇಳಿದ್ದಕ್ಕೆ ಉತ್ತರ ಹೇಳಿ. ಸಂಘ ಸುವರ್ಣ ಮಹೋತ್ಸವ ಆಚರಿಸುವ ಹೊತ್ತಿಗೆ ನಮ್ಮ ಊರ ಕಥೆಯನ್ನು ನಮ್ಮ ಹಟ್ಟಿಯ ಒಬ್ಬ ಡಾಕ್ಟರೇ ಬರೆದಿರಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ.