ಆಲ್ಫ್ರೆಡ್ ಬಿನೆ

ಒಂದೇ ತರಗತಿಯಲ್ಲಿ ಕುಳಿತು ಒಬ್ಬರೇ ಗುರುಗಳಿಂದ ಪಾಠ ಕೇಳಿದರೂ ಮಕ್ಕಳೆಲ್ಲರೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ಈ ವ್ಯತ್ಯಾಸವನ್ನು ಅರಿಯುವುದು ಹೇಗೆ, ಹಿಂದುಳಿದ ಮಗುವಿಗೆ ನೆರವಾಗುವುದು ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಅರಸಿದ ಮಹನೀಯರು ಫ್ರಾನ್ಸ್ ದೇಶದ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ.

ಬಿನೆಯವರು 1857ರ ಜುಲೈ 8ರಂದು ನೀಸ್ ನಗರದಲ್ಲಿ ಜನಿಸಿದರು. ಕಾನೂನು ಪದವಿ ಪಡೆದರೂ ಅವರ ಮನಸ್ಸು ವಕೀಲಿ ವೃತ್ತಿಯತ್ತ ಒಲಿಯಲಿಲ್ಲ. ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಸ್ವಪ್ರಯತ್ನದಿಂದಲೇ ಮನೋವಿಜ್ಞಾನವನ್ನು ಅಭ್ಯಾಸಮಾಡಿ, 1894ರಲ್ಲಿ ಸಾರ್ಬಾನ್ ವಿದ್ಯಾಪೀಠದ ಪ್ರಯೋಗಶಾಲೆಗೆ ನಿರ್ದೇಶಕರಾದರು. ಅವರ ಅಧ್ಯಯನ ಮನೆಯಲ್ಲಿಯೂ ನಡೆಯುತ್ತಿತ್ತು. ಅವರ ಇಬ್ಬರು ಹೆಣ್ಣುಮಕ್ಕಳಲ್ಲಿ ಮ್ಯಾಡಲೀನ್ ಎದುರಿನ ವಸ್ತುವನ್ನು ಏಕಾಗ್ರತೆಯಿಂದ ಗಮನಿಸುತ್ತಿದ್ದಳು. ಆಲಿಸ್ ಕಲ್ಪನೆಯಲ್ಲಿ ವಿಹರಿಸುತ್ತಿದ್ದಳು. ಒಂದೇ ಮನೆಯ ಮಕ್ಕಳಲ್ಲಿ ಕಂಡ ಈ ಭೇದವನ್ನು ಅವರು 1903ರ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಫ್ರಾನ್ಸ್ ದೇಶದಲ್ಲಿ 1882ರ ಕಾನೂನು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿತ್ತು. ಎಲ್ಲ ಬಗೆಯ ಮಕ್ಕಳೂ ಶಾಲೆಗೆ ಬಂದಾಗ ಕೆಲವರು ಪಾಠದಲ್ಲಿ ಹಿಂದೆ ಉಳಿದರು. ಅವರಿಗೆ ವಿಶೇಷ ಶಿಕ್ಷಣವನ್ನು ಕಲ್ಪಿಸುವ ಬಗೆಯನ್ನು ಪರಿಶೀಲಿಸಲು ಸರ್ಕಾರ 1904ರಲ್ಲಿ ಒಂದು ಆಯೋಗವನ್ನು ನೇಮಿಸಿತು. ಬಿನೆಯವರು ಅದರ ಸದಸ್ಯರಾದರು. ಶಿಕ್ಷಕರ ಬೇಸರಕ್ಕೆ ಗುರಿಯಾದ ತುಂಟ ಬಾಲಕನೂ ಮಂದಬುದ್ಧಿಯವನೆಂದು ಎಣಿಸಲ್ಪಡುವ ಅಪಾಯವಿತ್ತು. ಆದುದರಿಂದ ನಿಷ್ಪಕ್ಷಪಾತವಾದ ಅಳತೆಯೊಂದು ಅವಶ್ಯವಾಯಿತು. ತಲೆಯ ಗಾತ್ರವನ್ನು ಅಳೆದು ಬುದ್ಧಿಯನ್ನು ತಿಳಿಯುವ ಪ್ರಯತ್ನದಿಂದ ಪ್ರಯೋಜನವಿಲ್ಲವೆಂಬುದನ್ನು ಅವರು ಮೊದಲೇ ಕಂಡುಕೊಂಡಿದ್ದರು. ವೈದ್ಯ ಥಿಯೊಡೋರ್ ಸಿಮಾನರೊಡನೆ 1905ರಲ್ಲಿ 30 ಪರೀಕ್ಷೆಗಳ ಶ್ರೇಣಿಯೊಂದನ್ನು ರಚಿಸಿದರು. ಅಂಕಿಗಳನ್ನು ಕೇಳಿ ಮರಳಿ ಹೇಳುವುದು, ಚಿತ್ರದಲ್ಲಿನ ವಸ್ತುಗಳನ್ನು ಹೆಸರಿಸುವುದು ಮೊದಲಾದವು ಅದರಲ್ಲಿದ್ದುವು. 1908ರಲ್ಲಿ ಈ ಪರೀಕ್ಷೆಗಳನ್ನು ವಯಸ್ಸಿಗೆ ಅನುಗುಣವಾಗಿ ಜೋಡಿಸಿದರು.

ಅಳತೆಯೇ ಅವರ ಗುರಿಯಾಗಿರಲಿಲ್ಲ. ಬುದ್ಧಿ ಹುಟ್ಟಿನಿಂದಲೇ ನಿಗದಿಯಾದುದೆಂಬ ಮಾತನ್ನು ಅವರು ಒಪ್ಪಲಿಲ್ಲ. ಹಿಂದುಳಿದ ಮಕ್ಕಳು ಪ್ರತಿಮೆಗಳಂತೆ ಅಲುಗಾಡದೆ ನಿಲ್ಲುವ ಆಟದಿಂದ ಗಮನಶಕ್ತಿಯನ್ನು ಬೆಳೆಸಿಕೊಳ್ಳಬಹುದೆಂದು ತೋರಿಸಿದರು. 1911ರ ಅಕ್ಟೋಬರ್ 18ರಂದು, ತಮ್ಮ 54ನೆಯ ವಯಸ್ಸಿನಲ್ಲಿ ಬಿನೆಯವರು ಕಾಲವಾದರು.

ಅವರ ತರುವಾಯ ಈ ಪರೀಕ್ಷೆ ಅನ್ಯದೇಶಗಳಿಗೆ ಹರಡಿತು. ಅಮೆರಿಕದಲ್ಲಿ ಕೆಲವರು ಇದನ್ನು ಬಳಸಿ, ಭಾಷೆ ತಿಳಿಯದ ವಲಸೆಗಾರರನ್ನು ಸಹ ಮಂದಬುದ್ಧಿಯವರೆಂದು ಸಾರಿದರು. ನೆರವಿಗಾಗಿ ರೂಪುಗೊಂಡ ಸಾಧನ ಹೀಗೆ ಅವಮಾನಕ್ಕೆ ಕಾರಣವಾಯಿತು.

ಒಂದು ನಾಡಿನ ಪ್ರಶ್ನೆಗಳು ಮತ್ತೊಂದು ನಾಡಿನ ಮಕ್ಕಳಿಗೆ ಹಾಗೆಯೇ ಹೊಂದುವುದಿಲ್ಲ. ಪ್ಯಾರಿಸ್, ತೊರೆ, ಐಶ್ವರ್ಯ ಎಂಬ ಮೂರು ಪದಗಳಿಂದ ವಾಕ್ಯವನ್ನು ರಚಿಸುವುದು ಮೂಲ ಪರೀಕ್ಷೆಗಳಲ್ಲಿ ಒಂದು. ಮಧುಗಿರಿಯ ಏಕಶಿಲಾಬೆಟ್ಟವನ್ನು ನೋಡಿ ಬೆಳೆದ ಬಾಲಕನಿಗೆ ಪ್ಯಾರಿಸ್ ಎಂಬ ಹೆಸರೇ ಅಪರಿಚಿತವಾಗಿದ್ದರೆ, ಆ ಸೋಲು ಅವನ ಬುದ್ಧಿಯ ಸೋಲಾಗದು. ಈ ತೊಡಕನ್ನು ಅರಿತ ವಿ. ವಿ. ಕಾಮತ್ ಅವರು ಬಿನೆಯವರ ಪರೀಕ್ಷೆಗಳನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ, 1934ರಲ್ಲಿ ಆ ಕುರಿತು ಲೇಖನವನ್ನೂ 1940ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು.

ಪರೀಕ್ಷೆಯ ಅಂಕಿ ಮಗುವಿನ ಅಂದಿನ ಸ್ಥಿತಿಯನ್ನು ಮಾತ್ರ ತಿಳಿಸಬಲ್ಲದು. ಅದರ ನಾಳೆಯನ್ನು ನಿರ್ಣಯಿಸಲಾರದು. ಬಿನೆಯವರ ಬಾಳು ಶಿಕ್ಷಣಲೋಕಕ್ಕೆ ಬಿಟ್ಟುಹೋದ ಅಮೂಲ್ಯವಾದ ವಿವೇಕವಿದು.